ಕೊಳ್ಳುವಾಗ ಚಿನ್ನ, ಕೊಡುವಾಗ ಅರಗು

ನಮ್ಮ ಮನೆಯವರ ಜುಮಕಿ ಮೊನ್ನೆ ಮೈಸೂರಿನ ಒಂದು ಅಂಗಡಿಯಲ್ಲಿ ಮೂರು ಗ್ರಾಂ ಸೊರಗಿತು. ಕೆಲವು ವರ್ಷಗಳ ಹಿಂದೆ ಅಲ್ಲೇ ಕೊಂಡಿದ್ದು. ಆಗ 12 ಗ್ರಾಂ ಚಿನ್ನ ಅಂತ ದುಡ್ಡು ತಗೊಂಡಿದ್ದರು. ಈಗ ವಾಪಸ್ ಕೊಡಲು ಹೋದರೆ 9 ಗ್ರಾಂ. "ಹರಳು, ಒಳಗಿನ ಅರಗು ಎಲ್ಲ ಕಳೀಬೇಕಲ್ವಾ ಸಾರ್," ಅಂದ ಕೌಂಟರಿನ ಹುಡುಗ. ಕಳೀಬೇಕು, ಸರಿ. ಕೊಂಡ ದಿನ ಯಾಕೆ ಕಳೀಲಿಲ್ಲ ಅಂತ ಕೇಳಿದೆ. ಅವನು ಬಾದಾಮಿ ಹಾಲು ತರಿಸಿದ.

"ಇದು 916 ಅಲ್ವಾ, ನಿಮ್ಮದೇ ಅಂಗಡೀದು," ಅಂದೆ. "ಆದ್ರೂ ಕರಗಿಸಿ ನೋಡ್ಬೇಕು ಸಾರ್." ತನ್ನ ಮುದ್ರೆಯನ್ನು ತಾನೇ ನಂಬದ ಅಂಗಡಿಯನ್ನು ನಾವು ಮೂರು ತಲೆಮಾರಿನಿಂದ ನಂಬಿಕೊಂಡು ಬಂದಿದ್ದೇವೆ.

916 ಅಂದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಮಿಕ್ಕಿದ್ದು ತಾಮ್ರ, ಬೆಳ್ಳಿ ಇತ್ಯಾದಿ. ಅದೇ 22 ಕ್ಯಾರೆಟ್. 750 ಅಂದರೆ 18 ಕ್ಯಾರೆಟ್. ಇಷ್ಟೇ ಲೆಕ್ಕ. ಆದರೆ ಮಂಡ್ಯದ ನಮ್ಮ ಭಾವ 24 ಕ್ಯಾರೆಟ್‌ಗಿಂತ 916 ಶ್ರೇಷ್ಠ ಅಂತ ವಾದಿಸುತ್ತಾರೆ. "24 ಎಲ್ಲಿ, 916 ಎಲ್ಲಿ! ಲೆಕ್ಕ ಬರಲ್ವೇನಯ್ಯಾ?" ಕಬ್ಬಿನ ತೂಕದಲ್ಲಿ ಕೆಜಿ ಹೆಚ್ಚುಕಮ್ಮಿಯಾದರೆ ಫ್ಯಾಕ್ಟರಿ ಗೇಟಿನಲ್ಲೇ ಕೂರುವ ಮನುಷ್ಯ ಇವರು. ಅತ್ತೆಗೆ ಇವತ್ತಿಗೂ ಕೆಡಿಎಂ ಒಡವೆಯೇ ಬೇಕು. ಅದು ಬೆಸುಗೆಗೆ ಹಾಕುತ್ತಿದ್ದ ಕ್ಯಾಡ್ಮಿಯಂ, ಅದರ ಹೊಗೆ ಕೆಲಸಗಾರರಿಗೆ ವಿಷ ಅಂದರೆ, "ಅಷ್ಟು ಸ್ಟ್ರಾಂಗ್ ಅಂತಾಯ್ತು" ಅನ್ನುತ್ತಾರೆ.

ಇನ್ನು ವೇಸ್ಟೇಜ್. ಹತ್ತು ಗ್ರಾಂ ಸರಕ್ಕೆ ಶೇ. 14 ಅಂದರೆ 1.4 ಗ್ರಾಂ ಚಿನ್ನ ಹಾಳಾಯಿತು ಅಂತ ನಾವು ದುಡ್ಡು ಕೊಡಬೇಕು. ಎಲ್ಲಿ ಹಾಳಾಯಿತೋ ದೇವರೇ ಬಲ್ಲ. ನಮ್ಮ ಮೈಸೂರು ಸ್ವಚ್ಛತೆಗೆ ಹೆಸರಾದ ಊರು. ಬೆಳಗ್ಗೆ ಬರುವ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಬೇರೆ ಹಾಕುತ್ತೇವೆ. ಚಿನ್ನದ ಕಸದ ಬಕೆಟ್ ಇಟ್ಟ ಅಂಗಡಿಯನ್ನು ನಾನಂತೂ ನೋಡಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಕಟ್ಟಿ ಪಾಪದ ಆಚಾರ್ರ ಹೆಸರು ಕೆಡಿಸಿದೆವು. ಅವರು ಗುಲಗಂಜಿಯಷ್ಟು ಉಳಿಸಿಕೊಂಡರೆ ಕಳ್ಳತನ. ಏಸಿ ಅಂಗಡಿಯವರು ಬಿಲ್ಲಿನಲ್ಲೇ ಬರೆದರೆ ಶೇಕಡಾವಾರು.

ದೇವರಾಜ ಮಾರ್ಕೆಟ್‌ನಲ್ಲಿ ನಾವು ತೆಂಗಿನಕಾಯಿ ಅಲ್ಲಾಡಿಸದೆ ತಗೊಳ್ಳಲ್ಲ. ಬದನೆಕಾಯಿಯ ತೊಟ್ಟು ತಿರುಗಿಸಿ ಹುಳ ಹುಡುಕುತ್ತೇವೆ. ಒಡವೆ ಅಂಗಡಿಯಲ್ಲಿ ಮಾತ್ರ ಬಾಯಿಗೆ ಬೀಗ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ ಬಿದ್ದ ಒಡವೆಯ ಮೇಲೆ ಎಚ್‌ಯುಐಡಿ ಅನ್ನೋ, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಯ ಗುರುತು ಕಡ್ಡಾಯ. ಈ ಮುದ್ರೆಯ ಹೊಣೆ ಹೊತ್ತ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಶುದ್ಧತೆ ಎಷ್ಟು, ಪರೀಕ್ಷಿಸಿದ್ದು ಯಾರು, ಎಲ್ಲ ತಿಳಿಯುತ್ತದೆ. ನಾನು ಫೋನ್ ತೆಗೆದೆ. "ಸುಮ್ನಿರಿ, ಏನಂದ್ಕೊಳ್ತಾರೆ ಅವ್ರು," ಅಂತ ಮನೆಯವರು ಕಣ್ಣಲ್ಲೇ ಗದರಿದರು. ಬಾದಾಮಿ ಹಾಲು ಕುಡಿದಾಗಿತ್ತಲ್ಲ, ಋಣ!

ಬಂದ ಕೋಪವೆಲ್ಲ ಮನೆಯವರು ತೀರಿಸಿಕೊಂಡಿದ್ದು ದಸರೆಯ ದಿನ. ಟೀವಿಯಲ್ಲಿ ಜಂಬೂಸವಾರಿ. "750 ಕೆಜಿ ಚಿನ್ನದ ಅಂಬಾರಿ!" ಅಂತ ನಿರೂಪಕ ಕೂಗಿದ.

"ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿರೋದು ರೀ ಅದು," ಅಂದರು ನಮ್ಮ ಮನೆಯವರು, ಬೋಳು ಕಿವಿ ಸವರಿಕೊಳ್ಳುತ್ತಾ. "ಮೊದ್ಲು ಮರ ಕಳ್ದು ಹೇಳೋಕೆ ಹೇಳಿ."