ಇಲಿಯ ಹೆಜ್ಜೆ, ಹುಲಿಯ ಹೆಜ್ಜೆ

ವೆಲಿಂಗ್ಟನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ, ಪುದೀನ ಪಾತಿಯ ಪಕ್ಕ, ಮೊಳಕ್ಕಿಂತ ತುಸು ಉದ್ದದ ಕಪ್ಪು ಪ್ಲಾಸ್ಟಿಕ್ ಸುರಂಗವೊಂದಿದೆ. ಒಳಗೆ ಬಿಳಿ ರಟ್ಟಿನ ಹಾಳೆ, ಹಾಳೆಯ ನಡುವೆ ಶಾಯಿ, ಶಾಯಿಯ ನಡುವೆ ಒಂದು ಉಂಡೆ ಕಡಲೆಕಾಯಿ ಬೆಣ್ಣೆ. ತಿನ್ನಲು ಬಂದ ಪ್ರಾಣಿ ಶಾಯಿ ತುಳಿದು, ಹೊರಗೆ ಹೋಗುವಾಗ ಹಾಳೆಯ ಮೇಲೆ ಗುರುತು ಬಿಟ್ಟು ಹೋಗುತ್ತದೆ. ಮೊದಲ ಸಲ ಹಾಳೆ ಎಳೆದಾಗ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ನನಗೆ ಓದಲು ಕಲಿಸಿದರು: ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಇಲಿ.

"ಎಷ್ಟು ಇಲಿಗಳಿರಬಹುದು?" ಎಂದು ಕೇಳಿದೆ.

"ಅದು ಇದರಿಂದ ತಿಳಿಯುವುದಿಲ್ಲ. ಬಂದಿದೆಯೋ ಇಲ್ಲವೋ, ಅಷ್ಟೇ," ಎಂದರು.

ಕಾಡಿನಲ್ಲಾದರೆ ಇಂಥ ಸುರಂಗಗಳನ್ನು ಸಾಲಾಗಿ ಇಡುತ್ತಾರೆ. ನೂರರಲ್ಲಿ ಎಷ್ಟರಲ್ಲಿ ಹೆಜ್ಜೆ ಬಿತ್ತು ಎಂದು ನೋಡುತ್ತಾರೆ. ಆ ಪ್ರಮಾಣ ಮೊದಲೇ ಗೊತ್ತುಮಾಡಿಕೊಂಡ ಮಿತಿಯನ್ನು ದಾಟಿದರೆ ಹಕ್ಕಿಗಳನ್ನು ಉಳಿಸಲು ಇಲಿ ಕೊಲ್ಲುವ ಕೆಲಸ ಶುರು, ದಾಟದಿದ್ದರೆ ಹಣ ಉಳಿಯಿತು. ಒಂದೊಂದು ಇಲಿಯ ಗುರುತು ಹಿಡಿಯುವ ಗೋಜಿಗೇ ಹೋಗುವುದಿಲ್ಲ.

ಆ ಮಾತು ನನಗೆ ನಾಟಿದ್ದಕ್ಕೆ ಕಾರಣವಿದೆ. ಹೆಜ್ಜೆಗುರುತಿನಿಂದ ಹುಲಿಗಳನ್ನು ಒಂದೊಂದಾಗಿ ಎಣಿಸಿದ ದೇಶದಿಂದ ಬಂದವನು ನಾನು. ಅರಣ್ಯ ರಕ್ಷಕ ಮಣ್ಣಿನ ಮೇಲಿನ ಹೆಜ್ಜೆಗೆ ಗಾಜಿನ ಹಲಗೆ ಹಿಡಿದು ಅದರ ರೇಖೆ ಬರೆಯಬೇಕು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು ತೆಗೆಯಬೇಕು. ಮೇಲಿನವರು ಅದನ್ನು ನೋಡಿ ಇದು ಇಂಥ ಹುಲಿ, ಅದು ಬೇರೆ ಎಂದು ಲೆಕ್ಕ ಕಟ್ಟಬೇಕು. ಮಣ್ಣು ಹಸಿಯಾಗಿದ್ದರೆ ಹೆಜ್ಜೆ ಒಂದು ಬಗೆ, ಒಣಗಿದ್ದರೆ ಇನ್ನೊಂದು ಬಗೆ. ಬರೆದ ಕೈ ನಡುಗಿದರೆ ಮೂರನೆಯ ಹುಲಿ ಹುಟ್ಟಿತು! ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ವಿಧಾನವನ್ನು ಪರೀಕ್ಷೆಗೆ ಒಡ್ಡಿದಾಗ ಬೋನಿನ ಹುಲಿಗಳ ಹೆಜ್ಜೆಗಳನ್ನು ನೋಡಿ ಅನುಭವಿಗಳಿಗೂ ಸರಿಯಾದ ಸಂಖ್ಯೆ ಹೇಳಲಾಗಲಿಲ್ಲ. ಆದರೂ ಲೆಕ್ಕ ನಡೆದೇ ಇತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳು ಓಡಾಡಿಕೊಂಡಿದ್ದವು. 2005ರಲ್ಲಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಬೇಸರದ ಸಂಗತಿ ಎಂದರೆ ಉತ್ತರ ನಮ್ಮ ಮನೆಯಲ್ಲೇ ಇತ್ತು. 1990ರ ದಶಕದ ಆರಂಭದಿಂದಲೇ ನಾಗರಹೊಳೆಯಲ್ಲಿ ಕಾರಂತರು ಕ್ಯಾಮೆರಾ ಕಟ್ಟಿ, ಪಟ್ಟೆಗಳಿಂದ ಹುಲಿಯ ಗುರುತು ಹಿಡಿದು, ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬ ಲೆಕ್ಕದಿಂದ ಸಿಗದ ಹುಲಿಗಳ ಅಂದಾಜು ಮಾಡುತ್ತಿದ್ದರು. ಅದನ್ನು ದೇಶ ಕಿವಿಗೆ ಹಾಕಿಕೊಳ್ಳಬೇಕಾದರೆ ಸರಿಸ್ಕಾ ಬರಿದಾಗಬೇಕಾಯಿತು. 2006ರ ಗಣತಿಯಲ್ಲಿ ಹಳೆಯ ವಿಧಾನ ಬಿಟ್ಟರು. ಹಾಗಾಗಿ, ನ್ಯೂಜಿಲೆಂಡಿನಲ್ಲಿ ವಿಜ್ಞಾನವಿದೆ, ನಮ್ಮಲ್ಲಿಲ್ಲ ಎನ್ನುವವರ ಜೊತೆ ನಾನಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಇರುವಷ್ಟು ಪರಿಸರ ವಿಜ್ಞಾನಿಗಳು ಇಲ್ಲಿಯ ಎಷ್ಟೋ ಊರುಗಳಲ್ಲಿ ಇಲ್ಲ. ಆದರೆ ನಮ್ಮಲ್ಲಿ ತಿಳಿದವನು ಒಂದು ಕಡೆ, ಗುದ್ದಲಿ ಹಿಡಿದವನು ಇನ್ನೊಂದು ಕಡೆ. ಇಬ್ಬರ ನಡುವೆ ಕಡತ.

ಇಲ್ಲಿ ಆ ಇಬ್ಬರೂ ಎಷ್ಟೋ ಸಲ ಒಂದೇ ಡೇರೆಯಲ್ಲಿ ಮಲಗುತ್ತಾರೆ. ಅದರಿಂದ ಏನಾಗುತ್ತದೆ ಎನ್ನುವುದಕ್ಕೆ ಚಾಥಮ್ ದ್ವೀಪಗಳ ಕರಿ ರಾಬಿನ್ ಎಂಬ ಪುಟ್ಟ ಹಕ್ಕಿಯ ಕಥೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನ್ಯೂಜಿಲೆಂಡಿನ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದ ಆ ದ್ವೀಪಗಳಲ್ಲಿ 1980ರ ಹೊತ್ತಿಗೆ ಐದೇ ಐದು ಕರಿ ರಾಬಿನ್‌ಗಳು ಉಳಿದಿದ್ದವು. ಮೊಟ್ಟೆಯಿಟ್ಟು ಮರಿ ಮಾಡುತ್ತಿದ್ದ ಹೆಣ್ಣು ಒಂದೇ. ಕಾಲಿಗೆ ನೀಲಿ ಉಂಗುರ ತೊಡಿಸಿದ್ದರಿಂದ ಅದರ ಹೆಸರು ಓಲ್ಡ್ ಬ್ಲೂ. ಇಲ್ಲಿಯ ವನ್ಯಜೀವಿ ಇಲಾಖೆಯ ಡಾನ್ ಮೆರ್ಟನ್ ಮತ್ತು ಸಂಗಡಿಗರು ಅದರ ಮೊಟ್ಟೆಗಳನ್ನು ಎತ್ತಿ ಬೇರೆ ಜಾತಿಯ ಹಕ್ಕಿಯ ಗೂಡಿಗೆ ಹಾಕಿದರು, ಓಲ್ಡ್ ಬ್ಲೂ ಮತ್ತೆ ಮೊಟ್ಟೆಯಿಡಲಿ ಎಂದು. ಕೋಗಿಲೆ ಕಾಗೆಗೆ ಮಾಡುವುದನ್ನು ಇವರು ಹಕ್ಕಿಯ ಪರವಾಗಿ ಮಾಡಿದರು ಎನ್ನಿ. ಮೊದಲು ನಂಬಿದ ಸಾಕುತಾಯಿ ಉಲಿಯಕ್ಕಿ ಜಾತಿಯದು. ಅದು ಕಾವು ಕೊಟ್ಟಿತು, ಮರಿಯನ್ನು ದೊಡ್ಡದು ಮಾಡಲು ಅದರಿಂದ ಆಗಲಿಲ್ಲ. ಆಮೇಲೆ ಟಾಮ್‌ಟಿಟ್ ಎಂಬ ಹಕ್ಕಿಯ ಗೂಡಿಗೆ ಹಾಕಿದರು, ಕೆಲಸ ಕೂಡಿತು. ಇಂದು ಇನ್ನೂರಕ್ಕೂ ಹೆಚ್ಚು ಕರಿ ರಾಬಿನ್‌ಗಳಿವೆ. ಎಲ್ಲವೂ ಆ ಒಂದು ಅಜ್ಜಿಯ ಸಂತಾನ.

ಈ ಭಾಗ ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಹಿಡಿಸಿದ್ದು ಆಮೇಲಿನದು. 1984ರ ಹೊತ್ತಿಗೆ ಕೆಲವು ಹೆಣ್ಣುಗಳು ಗೂಡಿನ ಮಡಿಲಲ್ಲಿ ಇಡುವ ಬದಲು ಗೂಡಿನ ಅಂಚಿನ ಮೇಲೆ ಮೊಟ್ಟೆಯಿಡತೊಡಗಿದವು. ಅಂಚಿನ ಮೊಟ್ಟೆಗೆ ಕಾವಿಲ್ಲ, ಅದು ಸತ್ತಂತೆಯೇ. ಇರುವುದೇ ಬೆರಳೆಣಿಕೆಯ ಹಕ್ಕಿಗಳು. ಯಾವ ಮನುಷ್ಯ ನೋಡಿಕೊಂಡು ಸುಮ್ಮನಿರುತ್ತಾನೆ? ಮೆಲ್ಲಗೆ ಬೆರಳಲ್ಲಿ ಒಳಕ್ಕೆ ನೂಕಿದರು. ಆ ಮರಿಗಳು ಬದುಕಿದವು, ದೊಡ್ಡವಾದವು, ಅವೂ ಅಂಚಿನಲ್ಲೇ ಮೊಟ್ಟೆಯಿಟ್ಟವು. 1989ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳಿಗೆ ಇದೇ ಚಾಳಿ. ಕಾಡು ತಾನೇ ಅಳಿಸಿಹಾಕಬೇಕಾಗಿದ್ದ ದೋಷವನ್ನು ಕರುಣೆಯ ಬೆರಳು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಿತ್ತು. ಹೀಗೇ ಹೋದರೆ ಇಡೀ ಜಾತಿ ಎಂದೆಂದಿಗೂ ಮನುಷ್ಯನ ಬೆರಳಿಗೆ ಕಾದು ಕೂರಬೇಕು.

ಆಗ ಅವರು ನೂಕುವುದನ್ನು ನಿಲ್ಲಿಸಿದರು. ಅಂಚಿನ ಮೊಟ್ಟೆ ಅಂಚಿನಲ್ಲೇ ತಣ್ಣಗಾಗಲಿ ಎಂದು ಬಿಟ್ಟರು. 2011ರ ಹೊತ್ತಿಗೆ ಆ ಚಾಳಿಯ ಹೆಣ್ಣುಗಳು ನೂರಕ್ಕೆ ಒಂಬತ್ತಕ್ಕೆ ಇಳಿದಿದ್ದವು. ಇದು ತಿಳಿದದ್ದು ಹೇಗೆ? ಪ್ರತಿ ಗೂಡು, ಪ್ರತಿ ಮೊಟ್ಟೆ, ಯಾರ ಮಗಳು ಯಾರು ಎಂಬ ವಂಶಾವಳಿ, ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟಿದ್ದರಿಂದ. ತಾನು ಮಾಡಿದ ಉಪಕಾರದ ಲೆಕ್ಕವನ್ನೂ ಹೀಗೆ ಇಡುವುದಕ್ಕೆ ಒಂದು ಬಗೆಯ ಗಟ್ಟಿತನ ಬೇಕು. ಅದು ನನಗಿದೆಯೇ ಎಂದು ನನಗೇ ಅನುಮಾನ. ನಮ್ಮೂರಿನ ಗುಬ್ಬಚ್ಚಿಯ ಗೂಡಾಗಿದ್ದರೆ ನಾನು ಈಗಲೂ ನೂಕುತ್ತಿದ್ದೆ.

ಇನ್ನೊಂದು ಸಂಗತಿ ಬೀಚ್ ಮರಗಳದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಈ ಮರಗಳು ಕೆಲವು ವರ್ಷಗಳಿಗೊಮ್ಮೆ ಎಲ್ಲವೂ ಒಟ್ಟಿಗೆ ರಾಶಿ ರಾಶಿ ಬೀಜ ಉದುರಿಸುತ್ತವೆ. ಬೀಜ ತಿಂದು ಇಲಿ ಹೆಚ್ಚುತ್ತದೆ, ಇಲಿ ತಿಂದು ಸ್ಟೋಟ್ ಹೆಚ್ಚುತ್ತದೆ (ಮುಂಗುಸಿಯನ್ನು ಹೋಲುವ, ಅದಕ್ಕಿಂತ ತೆಳ್ಳಗಿನ ಪ್ರಾಣಿ), ಬೀಜ ಮುಗಿದ ಮೇಲೆ ಎರಡೂ ಹಕ್ಕಿಯ ಗೂಡಿಗೆ ನುಗ್ಗುತ್ತವೆ. ಕಳೆದ ಬೇಸಿಗೆ ಅದರ ಹಿಂದಿನ ಬೇಸಿಗೆಗಿಂತ ಎಷ್ಟು ಬಿಸಿಯಾಗಿತ್ತು ಎಂಬ ವ್ಯತ್ಯಾಸದಿಂದ, ಬರುವ ಸುಗ್ಗಿಯಲ್ಲಿ ಬೀಜ ಎಷ್ಟು ಬಿದ್ದೀತು ಎಂದು ಮೊದಲೇ ಹೇಳಬಹುದು ಎಂದು ಇಲ್ಲಿಯ ವಿಜ್ಞಾನಿಗಳು ಕಂಡುಕೊಂಡರು. ಇಲಿ ಹೆಚ್ಚುವ ಮೊದಲೇ ಯಾವ ಕಣಿವೆಗೆ ಹೋಗಬೇಕೆಂದು ಗೊತ್ತಿರುತ್ತದೆ. ಓದಿದಾಗ ಅಜ್ಜಿಯ ನೆನಪಾಯಿತು. ಅಮ್ಮನ ತವರು ಯಲ್ಲಾಪುರದ ಕಡೆ. ಬಿದಿರು ಹೂ ಬಿಟ್ಟರೆ ಬರ ಬರುತ್ತದೆ, ಇಲಿ ಹೆಚ್ಚುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಬಿದಿರಕ್ಕಿಯ ಗಂಜಿಯ ಕಥೆಯನ್ನೂ. ಬೀಜ, ಇಲಿ, ಹಾನಿ: ಸರಪಳಿ ಅದೇ. ಅಜ್ಜಿಯ ಬಳಿ ಉಷ್ಣಮಾಪಕ ಇರಲಿಲ್ಲ, ಅವಳನ್ನು ಕೇಳಿ ಬರೆದುಕೊಳ್ಳುವವರೂ ಇರಲಿಲ್ಲ.

ಇವರೇನು ಹುಟ್ಟಾ ಜಾಣರಲ್ಲ. ಮೊಲ ಹೆಚ್ಚಿತೆಂದು 1880ರ ದಶಕದಲ್ಲಿ ಸ್ಟೋಟ್‌ಗಳನ್ನು ಹಡಗಿನಲ್ಲಿ ತಂದು ಬಿಟ್ಟವರು ಇವರೇ. ಹಕ್ಕಿ ಬಲ್ಲವರು ಬೇಡವೆಂದರೂ ಕೇಳಲಿಲ್ಲ. ಅದರ ದಂಡವನ್ನು ಈಗ ತೆರುತ್ತಿದ್ದಾರೆ: 2050ರೊಳಗೆ ಇಲಿ, ಸ್ಟೋಟ್, ಪೊಸಮ್‌ಗಳನ್ನು (ಮರ ಹತ್ತುವ, ಬೆಕ್ಕಿನ ಗಾತ್ರದ ಪ್ರಾಣಿ) ದೇಶದಿಂದಲೇ ಇಲ್ಲವಾಗಿಸುವ ಗುರಿಯನ್ನು 2016ರಲ್ಲಿ ಸರ್ಕಾರ ಘೋಷಿಸಿತು. ಹೆಲಿಕಾಪ್ಟರಿನಿಂದ ಕಾಡಿಗೆ 1080 ಎಂಬ ವಿಷದ ಗುಳಿಗೆ ಚೆಲ್ಲುತ್ತಾರೆ. ಅದರ ಬಗ್ಗೆ ಬೀದಿ ಜಗಳವೇ ಇದೆ. 2011ರಲ್ಲಿ ಸಂಸತ್ತಿನ ಪರಿಸರ ಆಯುಕ್ತರು ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ವಿಷದ ಬಳಕೆ ನಿಲ್ಲಬಾರದು, ಇನ್ನೂ ಹೆಚ್ಚಾಗಬೇಕು ಎಂದು ವರದಿ ಕೊಟ್ಟರು. ಕಡಲಿನವನ್ನು ಬಿಟ್ಟರೆ ಈ ನೆಲದ ಸ್ವಂತ ಸ್ತನಿಗಳೆಂದರೆ ಬಾವಲಿಗಳು ಮಾತ್ರ, ಅದಕ್ಕೇ ಇಲ್ಲಿ ಈ ಲೆಕ್ಕ ನಡೆಯುತ್ತದೆ. ಬಂಡೀಪುರದಲ್ಲಿ ಹೀಗೆ ಯೋಚಿಸುವುದೂ ಹುಚ್ಚು. ನಮ್ಮ ಮನೆಯಲ್ಲೂ ತೊಡಕಿದೆ. ಹಿತ್ತಲಲ್ಲಿ ಸುರಂಗದ ಜೊತೆಗೆ ಇಲಿ ಕೊಲ್ಲುವ ಪೆಟ್ಟಿಗೆಯೂ ಇದೆ. ಗಣೇಶ ಚೌತಿಯ ದಿನ ನನ್ನ ಹೆಂಡತಿ ಅದರ ಮೇಲೆ ಬಕೆಟ್ ಕವುಚಿದಳು. "ಇವತ್ತೊಂದು ದಿನ ಅವನ ವಾಹನಕ್ಕೆ ರಜೆ ಕೊಡಿ," ಎಂದಳು. ಕೊಟ್ಟೆವು.

ಇಲ್ಲಿಯವರಿಗೆ ನಮ್ಮಿಂದ ಕಲಿಯುವುದೂ ಇದೆ. ಕೊಕ್ಕರೆ ಬೆಳ್ಳೂರಿನ ಮನೆಯಂಗಳದ ಹುಣಸೆಮರದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ, ಕೆಳಗೆ ಜನ ಅಡುಗೆ ಮಾಡಿಕೊಂಡಿರುತ್ತಾರೆ ಎಂದರೆ ನೆರೆಯ ಶಿಕ್ಷಕಿ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ಕಾಡುಜೀವವೆಂದರೆ ಬೇಲಿಯೊಳಗಿನದು. ಕೊಟ್ಟಿಗೆಗೆ ಚಿರತೆ ಬಂದ ರಾತ್ರಿಯನ್ನು ಇವರ ವಿಜ್ಞಾನ ಕಂಡಿಲ್ಲ.

ಆದರೂ ಊರಿಗೆ ಫೋನ್ ಮಾಡಿದಾಗಲೆಲ್ಲ ನನ್ನ ಜಗಳ ಒಂದೇ. ನಮ್ಮದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಚಿಗರಿ ಎಂದು ನಾವು ಕರೆಯುವ ಕೃಷ್ಣಮೃಗಕ್ಕಾಗಿ 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಚಿಗರಿಗೆ ಕಣ್ಣು ಮತ್ತು ಕಾಲೇ ರಕ್ಷಣೆ. ಅದಕ್ಕೆ ಬೇಕಾದದ್ದು ಬಯಲು, ಹುಲ್ಲು. ಅಲ್ಲಿ ನೀಲಗಿರಿ ತುಂಬಿತು. ಹುಲ್ಲುಗಾವಲಿನ ದೊಡ್ಡ ಹಕ್ಕಿ ಎರೆಭೂತವನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಲ್ಲಿ ಕಂಡವರಿದ್ದರು, ಈಗ ಕಾಣುವುದಿಲ್ಲ. ಚಿಗರಿ ಗೋವಿನಜೋಳದ ಹೊಲಕ್ಕೆ ಇಳಿಯುತ್ತದೆ, ರೈತ ಬೈಯುತ್ತಾನೆ. ಮರವೆಂದರೆ ಒಳ್ಳೆಯದು, ಹುಲ್ಲೆಂದರೆ ಪಾಳು ಎಂಬ ನಂಬಿಕೆಯನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. ನಾನೂ ಎಂಟನೆಯ ತರಗತಿಯಲ್ಲಿ ಊರ ಗೋಮಾಳದಲ್ಲಿ ಸಸಿ ನೆಟ್ಟು, ಕೈ ಕೆಸರು ಮಾಡಿಕೊಂಡು, ಚಿತ್ರ ತೆಗೆಸಿಕೊಂಡವನೇ.

ಈ ಮಳೆಗಾಲವೂ ಅದೇ ಗೋಮಾಳದಲ್ಲಿ ಸಸಿ ನೆಟ್ಟರಂತೆ. ಅಣ್ಣ ಚಿತ್ರ ಕಳಿಸಿದ್ದ. "ಹೋದ ವರ್ಷ ನೆಟ್ಟದ್ದರಲ್ಲಿ ಎಷ್ಟು ಬದುಕಿವೆ? ಅಲ್ಲಿ ಮೊದಲು ಯಾವ ಹುಲ್ಲು ಬೆಳೆಯುತ್ತಿತ್ತು?" ಎಂದು ಕೇಳಿದೆ. "ಹುಲ್ಲಿನ ಹೆಸರು ಅಪ್ಪನಿಗೆ ಗೊತ್ತಿತ್ತು, ಕುರಿ ಕಾಯುವ ಮುದುಕನೊಬ್ಬ ಇನ್ನೂ ಇದ್ದಾನೆ, ಅವನನ್ನು ಕೇಳಬೇಕು," ಎಂದ. ಆಮೇಲೆ ನಾನು ಕಳಿಸಿದ್ದ ರಟ್ಟಿನ ಹಾಳೆಯ ಚಿತ್ರ ಅವನಿಗೆ ನೆನಪಾಯಿತು. "ಅದೇನು, ಹಲ್ಲಿ ಓಡಾಡಿದ ಹಾಗಿದೆಯಲ್ಲ?"

"ಹಲ್ಲಿಯೇ," ಎಂದೆ. "ಈ ತಿಂಗಳು ಇಲಿ ಬಂದಿಲ್ಲ."