ಕಾರಿಗೊಂದು ನ್ಯಾಯ, ಅಮ್ಮನಿಗೊಂದು ನ್ಯಾಯ

ಕಳೆದ ವಾರ ಒಂದೇ ದಿನ ಎರಡು ಮೆಸೇಜ್ ಬಂತು. ಕಾರಿನ ಇನ್ಶೂರೆನ್ಸ್ ಮುಗಿಯುತ್ತಾ ಬಂದಿದೆ, ರಿನ್ಯೂವಲ್ ಮಾಡಿ ಎಂದು ಒಂದು. ಅಮ್ಮನಿಗೆ ಹಾಕಿದ್ದ ಹೆಲ್ತ್ ಇನ್ಶೂರೆನ್ಸ್ ಅರ್ಜಿ ರಿಜೆಕ್ಟ್ ಆಗಿದೆ ಎಂದು ಇನ್ನೊಂದು.

ಕಾರಿಗೆ ಥರ್ಡ್ ಪಾರ್ಟಿ, ಅಂದರೆ ನನ್ನ ಕಾರಿನಿಂದ ಬೇರೆಯವರಿಗೆ ಆಗುವ ನಷ್ಟದ ಇನ್ಶೂರೆನ್ಸ್ ಮಾತ್ರ ಮಾಡಿಸುವುದು ನನ್ನ ಅಭ್ಯಾಸ. ಅಂಗಡಿಯಲ್ಲಿ ಕೂತೇ ಮುಗಿಸಿದೆ. ತರಿಸಿದ ಚಾ ಆರುವ ಮೊದಲೇ ಪಾಲಿಸಿ ವಾಟ್ಸಾಪಿಗೆ ಬಂತು. ಕಾರಿಗೆ 11 ವರ್ಷ. ಎಡಗಡೆ ಬಾಗಿಲು ಗುದ್ದಿದೆ, ಏಸಿ ತನಗೆ ಮನಸ್ಸಾದರೆ ತಂಪು ಮಾಡುತ್ತದೆ. ಅದನ್ನೆಲ್ಲ ಯಾರೂ ಕೇಳಲಿಲ್ಲ. ಅಮ್ಮನಿಗೆ 63. ಶುಗರ್ ಇದೆ, ಬಿಪಿ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಮಲ್ಲಿಗೆ ಕೊಯ್ದು, ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಟ್ಟು ಬರುತ್ತಾರೆ. ಆ ದುಡಿಮೆಯನ್ನೂ ಯಾರೂ ಕೇಳಲಿಲ್ಲ.

ಸಂಜೆ ನಮ್ಮ ಏಜೆಂಟ್ ಗೆಳೆಯ ಅಂಗಡಿಗೆ ಬಂದ. ಅವನದ್ದು ಯಾವಾಗಲೂ ಒಂದೇ ರಾಗ. "ಕಾರಿಗೆ ಕಡ್ಡಾಯ ಮಾಡಿದ ಹಾಗೆ ಹೆಲ್ತಿಗೂ ಕಡ್ಡಾಯ ಮಾಡ್ಬೇಕು ಮಾರಾಯ. ಪೊಲೀಸ್ ಹಿಡೀತಾನೆ ಅಂದ್ರೆ ಮಾತ್ರ ನಮ್ಮ ಜನ ಮಾಡ್ಸುದು." ನಾನೂ ತಲೆ ಆಡಿಸಿದೆ. ಅವನು ಹೋದ ಮೇಲೆ ಯೋಚನೆ ಶುರುವಾಯಿತು. ಕಾರಿಗೆ ಕಡ್ಡಾಯ ಇರುವುದಾದರೂ ಎಂತದ್ದು?

1988ರ ಮೋಟಾರು ವಾಹನ ಕಾಯ್ದೆ ಕೇಳುವುದು ಥರ್ಡ್ ಪಾರ್ಟಿ ಮಾತ್ರ. ಅದಿಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೊಮ್ಮೆ ಸಿಕ್ಕಿಬಿದ್ದರೆ 4,000. ನನ್ನ ಬಂಪರ್ ಒಡೆದರೆ, ಮಳೆಗಾಲದಲ್ಲಿ ಮಂಗಳೂರಿನ ಪಂಪ್‌ವೆಲ್ ನೀರಿನಲ್ಲಿ ಇಂಜಿನ್ ಕೈಕೊಟ್ಟರೆ, ಕಾನೂನಿಗೆ ಅದರ ಗೊಡವೆ ಇಲ್ಲ. ಕಾನೂನಿನ ಚಿಂತೆಯೆಲ್ಲ ನನ್ನ ಕಾರಿಗೆ ಸಿಕ್ಕಿಬೀಳುವ ಮನುಷ್ಯನ ಬಗ್ಗೆ. ನನ್ನ ತಪ್ಪಿಗೆ ಅವನ ಮನೆಯವರು ಬೀದಿಗೆ ಬೀಳಬಾರದು, ಅಷ್ಟೇ.

ಅಮೆರಿಕದಲ್ಲಿ ಇದೇ ಹೋಲಿಕೆ ಇಟ್ಟುಕೊಂಡು ವರ್ಷಗಟ್ಟಲೆ ಜಗಳ ಆಗಿದೆ. ಒಬಾಮಾ ಕಾಲದ 2010ರ ಕಾನೂನು, 2014ರಿಂದ ಹೆಚ್ಚುಕಡಿಮೆ ಎಲ್ಲರೂ ಹೆಲ್ತ್ ಇನ್ಶೂರೆನ್ಸ್ ಮಾಡಿಸಬೇಕು, ಇಲ್ಲವಾದರೆ ದಂಡ ಎಂದಿತು. ಕಾರು ಬೇಡ ಅಂದರೆ ಕಾರಿನ ಇನ್ಶೂರೆನ್ಸೂ ಬೇಡ, ಆದರೆ ಉಸಿರಾಡುವುದನ್ನು ಬಿಡಲಿಕ್ಕೆ ಆಗುತ್ತದಾ ಎಂದು ವಿರೋಧಿಗಳು ಕೇಳಿದರು. ಸುಪ್ರೀಂ ಕೋರ್ಟ್ 2012ರಲ್ಲಿ ಆ ದಂಡವನ್ನು ತೆರಿಗೆ ಎಂದು ಲೆಕ್ಕ ಹಾಕಿ ಒಪ್ಪಿಕೊಂಡಿತು. 2019ಕ್ಕೆ ದಂಡವೇ ಸೊನ್ನೆಯಾಯಿತು.

ಆ ಪ್ರಶ್ನೆ ಸುಳ್ಳಲ್ಲ. ಕಾರು ಮಾರಿ ನಾನು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಬಹುದು. ಅಮ್ಮ ತನ್ನ ಶುಗರನ್ನು ಯಾರಿಗೆ ಮಾರುವುದು? ಆದರೆ ಕಾಯಿಲೆಯಲ್ಲೂ ಥರ್ಡ್ ಪಾರ್ಟಿ ಇದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ನಮ್ಮ ದೊಡ್ಡಪ್ಪನ ಮಗ ಕಾಪು ಕಡೆ ವೆಲ್ಡಿಂಗ್ ಮಾಡಿಕೊಂಡಿದ್ದ. ಬೈಕಿಗೆ ಇನ್ಶೂರೆನ್ಸ್ ಇತ್ತು, ಅವನಿಗೆ ಇರಲಿಲ್ಲ. ಒಂದು ಮಧ್ಯಾಹ್ನ ತಲೆನೋವು ಎಂದು ಕೂತವನು ಏಳಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ. 19 ದಿನ ಐಸಿಯು. ಅತ್ತಿಗೆಯ ಬಳೆ ಸೊಸೈಟಿಗೆ ಹೋಯಿತು. ತಮ್ಮ ಸಾಲ ಎತ್ತಿದ. ತಂಗಿಯ ಮದುವೆ ಮುಂದಿನ ವರ್ಷಕ್ಕೆ ಹೋಯಿತು. ವಾಟ್ಸಾಪ್ ಗ್ರೂಪಿನಲ್ಲಿ ಗೂಗಲ್ ಪೇ ನಂಬರ್ ಹಾಕಿದ ಫೋಟೊ ತಿರುಗಿತು, ಊರಿನವರು ಕೈಲಾದದ್ದು ಕೊಟ್ಟರು. ಅಣ್ಣ ಬದುಕಿದ, ದೇವರ ದಯೆ. ಆದರೆ ಬಳೆ ಅಡವಿಟ್ಟವರಿಗೆ, ಸಾಲ ಮಾಡಿದವನಿಗೆ, ಮದುವೆ ತಪ್ಪಿದವಳಿಗೆ ಯಾರಿಗೂ ಹುಷಾರು ತಪ್ಪಿರಲಿಲ್ಲ. ರಸ್ತೆ ಬದಿ ಸುಮ್ನೆ ನಡೆದು ಹೋಗುತ್ತಿದ್ದವರಿಗೆ ಕಾರು ಗುದ್ದಿದ ಹಾಗೆಯೇ ಅಲ್ವಾ ಇದು?

ಅಷ್ಟಮಿ ಬಂದರೆ ಉಡುಪಿ ಕಡೆಯ ರವಿ ಕಟಪಾಡಿ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ದುಡ್ಡು ಒಟ್ಟು ಮಾಡುತ್ತಾ ಬಂದಿದ್ದಾರೆ. ಕೂಲಿ ಕೆಲಸ ಮಾಡುವ ಮನುಷ್ಯ. ಅವರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಒಬ್ಬರು ಮೈಗೆಲ್ಲ ಬಣ್ಣ ಬಳಿದುಕೊಂಡು ಬೀದಿಗೆ ಇಳಿಯಬೇಕು, ಆಮೇಲೆ ಒಂದು ಮಗುವಿಗೆ ಆಪರೇಷನ್. ಇದನ್ನು ನಾವು ಪ್ರತಿ ವರ್ಷ ಚಪ್ಪಾಳೆ ತಟ್ಟಿ ನೋಡುತ್ತೇವಲ್ಲ, ಅದು ನನಗೆ ಕಷ್ಟ ಆಗುತ್ತದೆ.

ಹಾಗಾದರೆ ಕಡ್ಡಾಯ ಬೇಕಾ? ಬೇಕು. ಆದರೆ ನನ್ನ ಗೆಳೆಯ ಹೇಳುವ ಹಾಗೆ ಅಲ್ಲ.

ಥರ್ಡ್ ಪಾರ್ಟಿಯನ್ನು ಕಡ್ಡಾಯ ಮಾಡಿದ ಸರ್ಕಾರ ಅದರ ದರವನ್ನೂ ತಾನೇ ಇಡುತ್ತದೆ. 2022ರಲ್ಲಿ ನಿಗದಿಯಾದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ 3,416 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ಕಂಪನಿಗೆ ಹೋದರೂ ಅಷ್ಟೇ. ಕಾರು ಹೊಸದಾ ಹಳೆಯದಾ, ಬಾಗಿಲು ಗುದ್ದಿದೆಯಾ, ಯಾವುದೂ ಲೆಕ್ಕಕ್ಕಿಲ್ಲ. ಸಾವು ನೋವಿನ ಪರಿಹಾರಕ್ಕೆ ಇಷ್ಟೇ ಎಂಬ ಮಿತಿಯೂ ಇಲ್ಲ. ನನ್ನನ್ನು ಕಟ್ಟಿ ಹಾಕಿದ ಹಗ್ಗದ ಇನ್ನೊಂದು ತುದಿ ಕಂಪನಿಯ ಸೊಂಟಕ್ಕೂ ಇದೆ.

ಹೆಲ್ತಿನಲ್ಲಿ ಆ ಹಗ್ಗ ಇಲ್ಲ. 2024ರಲ್ಲಿ ನಿಯಮ ಸ್ವಲ್ಪ ಸಡಿಲ ಆಯಿತು. 65ರ ನಂತರ ಹೊಸ ಪಾಲಿಸಿ ಇಲ್ಲ ಎನ್ನುವ ಹಾಗಿಲ್ಲ, ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಕೊಡದೆ ಕಾಯಿಸುವ ಅವಧಿ ಹೆಚ್ಚೆಂದರೆ 4 ವರ್ಷ ಇದ್ದದ್ದು 3ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಮನೆಯವರು ಮಾಡಿಸುವ ಹೆಲ್ತ್ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಒಳ್ಳೆಯದೇ. ಆದರೆ ಬಂದ ಅರ್ಜಿಯನ್ನೆಲ್ಲ ಕಂಪನಿಯವರು ಒಪ್ಪಲೇಬೇಕು ಎಂದಿಲ್ಲ, ದರವೂ ಅವರದ್ದೇ. ಹೀಗಿರುವಾಗ ನನಗೊಬ್ಬನಿಗೆ ಕಡ್ಡಾಯ ಮಾಡಿದರೆ ಅದು ಕಂಪನಿಗೆ ಹಬ್ಬ.

ಎರಡೂ ಕಡೆ ಹಗ್ಗ ಕಟ್ಟಿದ್ದು ನಮ್ಮಲ್ಲೇ ಇದೆ, ಕಡ್ಡಾಯ ಎಂದು ನಾವು ಗಮನಿಸಿಲ್ಲ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದದ್ದು. 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಸಂಬಳದ ಶೇ. 0.75 ಕಟ್, ಮಾಲೀಕ ಹಾಕುವುದು ಶೇ. 3.25. ನಮ್ಮ ಚಿಕ್ಕಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದರು. ಶುಗರ್ ಉಂಟಾ ಎಂದು ಕೇಳಿ ಯಾರೂ ಇಎಸ್‌ಐ ಕಾರ್ಡ್ ಕೊಡಲಿಲ್ಲ.

ದುಬೈಯಲ್ಲಿ 2013ರ ಕಾನೂನು ಬಂದ ಮೇಲೆ ಕೆಲಸದವರ ಹೆಲ್ತ್ ಇನ್ಶೂರೆನ್ಸ್ ಮಾಡಿಸುವುದು ಕಂಪನಿಯ ಕೆಲಸ. ಅದಿಲ್ಲದೆ ವೀಸಾ ಮುಂದುವರಿಯುವುದಿಲ್ಲ. ನನ್ನ ಭಾವ ಅಲ್ಲಿ ಡ್ರೈವರ್ ಆಗಿದ್ದರು. ಎರಡು ವರ್ಷದ ಹಿಂದೆ ಊರಿಗೆ ಬಂದರು. ಬರುವಾಗ ಕಾರು ಮಾರಿ ಬಂದರು, ಶುಗರನ್ನು ಜೊತೆಗೇ ತಂದರು. ಇನ್ಶೂರೆನ್ಸ್ ಅಲ್ಲೇ ಉಳಿಯಿತು. ಕರಾವಳಿಯಲ್ಲಿ ಇಂಥ ಭಾವಂದಿರು ಎಷ್ಟು ಮಂದಿ ಇದ್ದಾರೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮದು ಎಪಿಎಲ್. ನಮಗೆ ಸಿಗುವುದು ಚಿಕಿತ್ಸೆಗೆ ಸರ್ಕಾರ ಇಟ್ಟ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದ ಮಿತಿಯಲ್ಲಿ. ಇನ್ನು "ನಂಗೆ ಮಣಿಪಾಲ ಕಾರ್ಡ್ ಉಂಟಲ್ಲ" ಎಂದು ನಿಶ್ಚಿಂತೆಯಲ್ಲಿ ಇರುವವರೇ, ಅದು ಆಸ್ಪತ್ರೆಯವರು ಕೊಡುವ ರಿಯಾಯಿತಿ ಕಾರ್ಡ್. ಇನ್ಶೂರೆನ್ಸ್ ಅಲ್ಲ ಮಾರ್ರೆ.

ನನ್ನ ಲೆಕ್ಕ ಇಷ್ಟು. ದೊಡ್ಡ ಆಸ್ಪತ್ರೆ ಬಿಲ್ಲಿಗೆ ಮಾತ್ರ ಒಂದು ಕಡ್ಡಾಯ ಪಾಲಿಸಿ ಬರಲಿ. ದರ ಸರ್ಕಾರ ಇಡಲಿ. ಯಾರನ್ನೂ ಬೇಡ ಎನ್ನುವ ಹಾಗಿಲ್ಲ. ಪ್ರೈವೇಟ್ ರೂಮು ಬೇಕಾದವರು ಕಾರಿಗೆ ಫುಲ್ ಇನ್ಶೂರೆನ್ಸ್ ಮಾಡಿಸಿದ ಹಾಗೆ ಮೇಲಿನಿಂದ ಮಾಡಿಸಿಕೊಳ್ಳಲಿ. ಆಗದ ಮಾತು ಎನ್ನಬೇಡಿ. ಕಿನ್ನಿಗೋಳಿಯ ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ 2003ರಲ್ಲಿ ಯಶಸ್ವಿನಿ ಎಂಬ ಆರೋಗ್ಯ ಯೋಜನೆ ಶುರುವಾದಾಗ ಸಹಕಾರಿ ಸಂಘದ ರೈತರು ಕಟ್ಟಿದ್ದು ತಿಂಗಳಿಗೆ 5 ರೂಪಾಯಿ. ಜನ ಜಾಸ್ತಿ ಸೇರಿದ್ದಕ್ಕೆ ಅಷ್ಟು ಕಡಿಮೆಗೆ ಆಯಿತು. ಒಟ್ಟಿಗೆ ಕಟ್ಟಲು ಕಷ್ಟವಾದರೆ ಪಿಗ್ಮಿಯ ಹಾಗೆ ದಿನಾ ಕಟ್ಟುವ. 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಒಟ್ಟು ಮಾಡಿದ ಉಡುಪಿ ಕಡೆಯ ಊರು ನಮ್ಮದು.

ಗೆಳೆಯ ನಿನ್ನೆ ಮತ್ತೆ ಬಂದಿದ್ದ, ಬೇರೆ ಕಂಪನಿಯ ಫಾರ್ಮ್ ಹಿಡಿದುಕೊಂಡು. "ಇದ್ರಲ್ಲಿ ಹಾಕಿ ನೋಡುವ ಮಾರಾಯ." ಅಮ್ಮನ ಹೆಸರು, ವಯಸ್ಸು, ಶುಗರ್, ಬಿಪಿ ಎಲ್ಲ ತುಂಬಿಸಿದೆ. ಮೂರನೇ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಈ ಹಿಂದೆ ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ? ಸುಳ್ಳು ಬರೆದರೆ ನಾಳೆ ಕ್ಲೇಮ್ ಸಿಗುವುದಿಲ್ಲ. ಹೌದು ಎಂಬಲ್ಲಿ ಟಿಕ್ ಹಾಕಿ ಕೊಟ್ಟೆ.