ಆರು ಕಂತು ಬೇಕೇ ಬೇಕು

ಜೇನ್ ಆಸ್ಟೆನ್ ಅವರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಥೆಗೆ ಎರಡು ಗಂಟೆಯ ಸಿನಿಮಾ ಸಾಕು, ಟಿವಿಯ ಆರು ಕಂತು ಜಾಸ್ತಿ ಆಯ್ತು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 2005ರ ಸಿನಿಮಾ ಚೆನ್ನಾಗಿದೆ, ನಿಜ. ಆದರೆ ನಾಯಕ ಡಾರ್ಸಿಯ ಬಗ್ಗೆ ನಾಯಕಿ ಎಲಿಜಬೆತ್ ಮನಸ್ಸು ಬದಲಾಗುವುದು ನಿಧಾನಕ್ಕೆ. 1995ರ ಬಿಬಿಸಿ ಧಾರಾವಾಹಿಯಲ್ಲಿ ಆ ನಿಧಾನಕ್ಕೆ ಜಾಗ ಸಿಕ್ಕಿದೆ.

ಡಾರ್ಸಿಯ ಬಂಗಲೆ ಪೆಂಬರ್ಲಿಯ ಆ ಸಂಜೆ ನೆನಪಿದೆಯಾ? ಡಾರ್ಸಿಯ ತಂಗಿ ಪಿಯಾನೋ ನುಡಿಸುತ್ತಿರುತ್ತಾಳೆ. ಡಾರ್ಸಿಯ ಮೇಲೆ ಕಣ್ಣಿಟ್ಟಿರುವ ಕ್ಯಾರೊಲಿನ್ ಬೇಕೆಂದೇ ವಿಕಮ್ ಹೆಸರು ಎತ್ತುತ್ತಾಳೆ. ಹಿಂದೆ ಡಾರ್ಸಿಯ ತಂಗಿಯನ್ನು ಮರುಳು ಮಾಡಿ ಓಡಿಸಿಕೊಂಡು ಹೋಗಲು ನೋಡಿದ್ದವನು ಈ ವಿಕಮ್. ಪಾಪ, ಆ ಹುಡುಗಿಯ ಕೈ ತಡವರಿಸುತ್ತದೆ. ಎಲಿಜಬೆತ್ ತಟ್ಟನೆ ಬಂದು, ಪುಟ ತಿರುಗಿಸುವ ನೆಪದಲ್ಲಿ ಅವಳ ಪಕ್ಕ ನಿಲ್ಲುತ್ತಾಳೆ. ಆಮೇಲೆ ಡಾರ್ಸಿ ಮತ್ತು ಎಲಿಜಬೆತ್ ಒಬ್ಬರನ್ನೊಬ್ಬರು ನೋಡುತ್ತಾರೆ. ಅಷ್ಟೇ, ಒಂದು ಮಾತೂ ಇಲ್ಲ. ಅಷ್ಟು ಹೊತ್ತು ಅವರ ಜಗಳ, ಮುನಿಸು ಎಲ್ಲ ನೋಡಿದ್ದಕ್ಕೇ ಆ ನೋಟಕ್ಕೆ ಅಷ್ಟು ತೂಕ ಬಂದಿದ್ದು, ಅಲ್ವಾ? ಎಲಿಜಬೆತ್ ಪಾತ್ರದ ಜೆನಿಫರ್ ಈಲಿ ಕಣ್ಣಲ್ಲೇ ಎಲ್ಲ ಹೇಳಿಬಿಡುತ್ತಾರೆ.

ಡಾರ್ಸಿ ಕೊಳಕ್ಕೆ ಹಾರಿ ಒದ್ದೆ ಅಂಗಿಯಲ್ಲಿ ಬರುವುದು ಕಾದಂಬರಿಯಲ್ಲಿ ಇಲ್ಲ ಎಂಬ ನಿಮ್ಮ ಮಾತು ಸರಿ. ಆದರೆ ಅದರಿಂದ ಕಥೆಗೆ ಏನೂ ಪೆಟ್ಟು ಬಿದ್ದಿಲ್ಲ. ಸಂಭಾಷಣೆಯಲ್ಲಂತೂ ಕಾದಂಬರಿಯ ಮಾತುಗಳೇ ಬೇಕಾದಷ್ಟಿವೆ. ಸಿನಿಮಾ ಮಾತ್ರ ನೋಡಿದವರು ದಯವಿಟ್ಟು ಈ ಆರೂ ಕಂತು ಸಾವಕಾಶವಾಗಿ ನೋಡಿ.